ಹೊಳೆಗೆ ಬಿಟ್ಟ ಮದುವೆ

ಹುರಿದ ಶೇಂಗಾವನ್ನು ಮೊರಕ್ಕೆ ಸುರಿದುಕೊಂಡು, ಅಂಗೈಯಿಂದ ತಿಕ್ಕಿ ಸಿಪ್ಪೆ ಹಾರಿಸುತ್ತ ಪಡಸಾಲೆಯಲ್ಲಿ ಕೂತಿದ್ದೆ. ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಕುಟ್ಟುವುದಿತ್ತು. ಅಷ್ಟರಲ್ಲಿ ಸ್ಟುಡಿಯೋದಿಂದ ನಮ್ಮ ಯಜಮಾನರ ಫೋನು ಬಂತು.

"ಗದಗಿನಿಂದ ಡಬ್ಬಿ ಬಂತ ನೋಡ. ದೇವರ ಜಗಲಿ ಮ್ಯಾಲೆ ಹಳೇ ಡಿಸ್ಕ್ ಇಟ್ಟೀನಲ್ಲ, ಅದನ್ನೊಂದ ಅರಿವ್ಯಾಗ ಸುತ್ತಿ ತಗೊಂಡ ಬಾ. ಹಾದ್ಯಾಗ ಬೀಳಿಸಿಗೀಳಿಸಿ ಮತ್ತ."

ನಾನು ಮೊರ ಕೇರುತ್ತಲೇ ಹೇಳಿದೆ. "ಅದನ್ನ ಅಮಾಸಿ ದಿನ ಗಂಗಿಗೆ ಬಿಟ್ಟ ಬಂದೆನಲ್ರಿ."

ಫೋನು ಕಟ್ಟಾಯಿತೇನೋ ಅಂದುಕೊಂಡೆ.

"ಏನಂದಿ?"

"ಕೊರ್ಲಹಳ್ಳಿ ಹೊಳ್ಯಾಗ ಬಿಟ್ಟೆರಿ. ಕುಂಕುಮ ಹಚ್ಚಿ, ಹೂ ಏರಿಸಿ ಬಿಟ್ಟೀನಿ."

"ಅಯ್ಯ ಶಿವನೇ," ಅಂದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಅಡರಕಟ್ಟಿ ಮದುವಿ ಪೂರಾ ಅದರಾಗ ಇತ್ತಲ್ಲ" ಅಂದರು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನನ್ನ ಕೈಯೊಳಗಿನ ಮೊರ ಓರೆಯಾಗಿ ಶೇಂಗಾ ನೆಲದ ತುಂಬ ಹರಡಿತು.

ಇದು ಹೇಗಾಯಿತೆಂದು ಮೊದಲು ಹೇಳಬೇಕು. ನಮ್ಮದು ಲಕ್ಷ್ಮೇಶ್ವರದ ಬಜಾರಿನಲ್ಲಿ ಒಂದು ಸಣ್ಣ ಫೋಟೊ ಸ್ಟುಡಿಯೋ. ಮುಂದೆ ಪಾಸ್‌ಪೋರ್ಟ್ ಫೋಟೊಕ್ಕೆ ಕೂಡುವ ಕುರ್ಚಿ, ಅದರ ಹಿಂದೆ ನೀಲಿ ಪರದೆ, ಪರದೆಯ ಆಚೆ ಕಂಪ್ಯೂಟರ್. ನಮ್ಮ ಮನೆಯ ಅನ್ನ ಆ ಕಂಪ್ಯೂಟರಿನಿಂದ ಬರುವುದು. ಅದಕ್ಕೇ ಅಮಾವಾಸ್ಯೆಗೊಮ್ಮೆ ನಾನೇ ಹೋಗಿ ಅದರ ಮೈಗೆ ವಿಭೂತಿ ಎಳೆದು, ಊದಿನಕಡ್ಡಿ ಬೆಳಗಿ, ಕಾಯಿ ಒಡೆದು ಬರುತ್ತಿದ್ದೆ. ಕಾಯಿಯ ನೀರು ವೈರಿನ ಮೇಲೆ ಸಿಡಿಯುತ್ತದೆಂದು ಯಜಮಾನರು ಹೊಸ್ತಿಲ ಹೊರಗೆ ಒಡೆಯಲು ಹೇಳುತ್ತಿದ್ದರು. ಅಷ್ಟೇ ಅವರ ತಕರಾರು.

ಈ ಸಲದ ಮದುವೆ ಸುಗ್ಗಿಯಲ್ಲಿ ಕಂಪ್ಯೂಟರ್ ಮೊಂಡು ಹಿಡಿಯಿತು. ಅಡರಕಟ್ಟಿಯ ರೈತರೊಬ್ಬರ ಮಗಳ ಮದುವೆಯ ವಿಡಿಯೋವನ್ನು ಯಜಮಾನರು ಜೋಡಿಸುತ್ತಿದ್ದರು. ಸ್ವಲ್ಪ ಮುಂದೆ ಹೋಗುವುದು, ನಿಂತುಬಿಡುವುದು. ಒಮ್ಮೆ ನಾನು ಊಟದ ಬುತ್ತಿ ಒಯ್ದಾಗ ಮದುಮಗಳು ಅರ್ಧ ಕಣ್ಣು ಮುಚ್ಚಿದಲ್ಲೇ ನಿಂತಿದ್ದಳು. ಇವರು ಊಟ ಮಾಡಿ ಕೈ ತೊಳೆದು ಬಂದರೂ ಆ ಹುಡುಗಿ ಕಣ್ಣು ತೆರೆದಿರಲಿಲ್ಲ.

ಅಡರಕಟ್ಟಿಯಿಂದ ಫೋನಿನ ಮೇಲೆ ಫೋನು. ಮದುಮಗಳ ಅಜ್ಜಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಮದುವೆ ಆದದ್ದು ಗದಗಿನ ಕಲ್ಯಾಣ ಮಂಟಪದಲ್ಲಿ. ಅವರನ್ನು ಒಯ್ಯಲು ಆಗಿರಲಿಲ್ಲ. ಎತ್ತಿ ಆಡಿಸಿದ ಮೊಮ್ಮಗಳ ತಲೆಯ ಮೇಲೆ ಅಕ್ಕಿಕಾಳು ಬೀಳುವುದನ್ನು ನೋಡಬೇಕು, ಅದೊಂದೇ ಅವರ ಆಸೆ ಅಂತ ಅವರ ಮಗ, ಮದುಮಗಳ ಅಪ್ಪ, ಫೋನಿನಲ್ಲಿ ಹೇಳುತ್ತಿದ್ದರು.

ಕಡೆಗೆ ಯಜಮಾನರು ಕಂಪ್ಯೂಟರನ್ನು ಗದಗಿನ ಒಂದು ಅಂಗಡಿಗೆ ಒಯ್ದರು. ಕಂಪನಿಯದೇ ಸಾಮಾನು ಬೇಕಿಲ್ಲ, ಬೇರೆ ಕಂಪನಿಯ ಮೆಮರಿ ಹಾಕಿದರೂ ನಡೆಯುತ್ತದೆ, ಹಳೆಯ ಡಿಸ್ಕ್ ತೆಗೆದು ಹೊಸ ನಮೂನೆಯ ಡಿಸ್ಕ್ ಹಾಕಿದರೆ ಕುದುರೆಯ ಹಾಗೆ ಓಡುತ್ತದೆ ಅಂದನಂತೆ ಅಂಗಡಿಯವ. ನನಗೆ ಸರಿಬರಲಿಲ್ಲ.

"ಕಂಪನೀದ್ದ ಹಾಕಸ್ರಿ. ಹೊರಗಿಂದ ತಂದ ಹಾಕಿದ್ರ ಅದಕ್ಕ ಒಗ್ಗತೈತೋ ಇಲ್ಲೋ."

"ನೀನೂ ಹೊರಗಿಂದ ಬಂದಾಕಿನ. ಈ ಮನಿಗೆ ಒಗ್ಗಲಿಲ್ಲೇನ?"

"ಒಗ್ಗಾಕ ನಾ ಎಷ್ಟ ಸವದೀನಿ ನನಗ ಗೊತ್ತೈತಿ."

"ಹಂಗಾರ ಅದೂ ಒಂದೀಟ ಸವೀಲಿ ಬಿಡ" ಎಂದು ನಕ್ಕಿದ್ದರು.

ಸವೆಯುವ ಮಾತೇ ಬರಲಿಲ್ಲ. ಹೊಸ ಮೆಮರಿ, ಹೊಸ ಡಿಸ್ಕ್ ಹಾಕಿಸಿಕೊಂಡು ಬಂದ ಕಂಪ್ಯೂಟರು ಗುಂಡಿ ಒತ್ತಿದರೆ ಎದ್ದು ನಿಲ್ಲುತ್ತಿತ್ತು. ಒಂದೇ ಅಡಚಣೆ. ಅದರ ಮೈ ಸಣ್ಣದು, ಒಳಗೆ ಒಂದೇ ಡಿಸ್ಕಿಗೆ ಜಾಗ. ಫೋಟೊ, ವಿಡಿಯೋ ಎಲ್ಲ ಹಳೆಯದರಲ್ಲೇ ಉಳಿದಿದ್ದವು. ಹಳೆಯದನ್ನು ಒಂದು ಡಬ್ಬಿಯಲ್ಲಿ ಕೂಡಿಸಿ ವೈರಿನಿಂದ ಜೋಡಿಸಿದರೆ ಎಲ್ಲವೂ ಹೊಸದಕ್ಕೆ ಬರುತ್ತದೆ, ಆ ಡಬ್ಬಿ ತರಿಸಿ ಕಳಿಸುತ್ತೇನೆ ಅಂದಿದ್ದ ಅಂಗಡಿಯವ. ಅಲ್ಲಿಯವರೆಗೆ ಜೋಪಾನ ಇರಲೆಂದು ಯಜಮಾನರು ಅದನ್ನು ಮನೆಗೆ ತಂದು ದೇವರ ಜಗಲಿಯ ಮೇಲೆ ಇಟ್ಟರು. ಇವೆಲ್ಲ ನನಗೆ ತಿಳಿದದ್ದು ಆಮೇಲೆ.

ನಮ್ಮ ಮನೆಯಲ್ಲಿ ಜಗಲಿಗಿಂತ ಭದ್ರವಾದ ಜಾಗ ಇಲ್ಲ. ಮೈಲಿಗೆ ಕೈಯಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ಹೊಲದ ಕಾಗದ, ಅಂಗಡಿಯ ಇನ್ನೊಂದು ಕೀಲಿಕೈ, ಎಲ್ಲ ಅಲ್ಲೇ. ಯಜಮಾನರು ಆ ಲೆಕ್ಕದಲ್ಲಿ ಇಟ್ಟಿದ್ದರು. ಆದರೆ ಅದೇ ಜಗಲಿಯ ಎಡಮೂಲೆಯಲ್ಲಿ, ಸೇವೆ ಮುಗಿದ ವಸ್ತುಗಳನ್ನು ನಾನು ಇಡುತ್ತೇನೆ. ಗಾಜು ಒಡೆದ ದೇವರ ಪಟ, ದಾರ ಹರಿದ ರುದ್ರಾಕ್ಷಿ, ಒಣಗಿದ ಬಿಲ್ವಪತ್ರೆ. ಪೂಜೆ ಕಂಡದ್ದನ್ನು ಕಸದ ಗಾಡಿಗೆ ಹಾಕಬಾರದು, ಹರಿಯುವ ನೀರಿಗೇ ಬಿಡಬೇಕು. ನಮ್ಮತ್ತೆ ಹಾಗೆ ಮಾಡುತ್ತಿದ್ದರು, ನಾನೂ ಮಾಡುತ್ತೇನೆ. ಇವರು ಡಿಸ್ಕನ್ನು ಇಟ್ಟದ್ದು ಆ ಎಡಮೂಲೆಯಲ್ಲಿ. ಅದರ ಹಿಂದಿನ ದಿನ ಊಟಕ್ಕೆ ಕೂತಾಗ "ಹಳೇದು ಬಾಳ ದುಡೀತ ಪಾಪ, ಟಕ್ ಟಕ್ ಅಂತ ಸಪ್ಪಳ ಮಾಡಾಕ ಹತ್ತಿತ್ತು" ಎಂದೂ ಅಂದಿದ್ದರು. ಇಷ್ಟು ವರ್ಷ ನನ್ನ ಕೈಯಿಂದ ವಿಭೂತಿ ಹಚ್ಚಿಸಿಕೊಂಡದ್ದು, ಈಗ ಮುಪ್ಪಾಗಿ ಜಗಲಿಗೆ ಬಂದಿದೆ. ಒಂದು ಮಾತು ಕೇಳಬೇಕು ಅಂತಲೂ ನನಗೆ ಅನಿಸಲಿಲ್ಲ.

ಅಮಾವಾಸ್ಯೆಗೆ ತವರಿಗೆ ಹೋಗುವುದಿತ್ತು. ತವರು ಮುಂಡರಗಿ. ಜಗಲಿಯ ಮೂಲೆಯದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಶಿರಹಟ್ಟಿ ಮೇಲಿನ ಬಸ್ಸು ಹತ್ತಿದೆ. ಮರುದಿನ ನಸುಕಿನಲ್ಲಿ ತಮ್ಮನ ಹೆಂಡತಿಯನ್ನು ಕರೆದುಕೊಂಡು ಕೊರ್ಲಹಳ್ಳಿಯ ಹೊಳೆಗೆ ಹೋದೆ. ತುಂಗಭದ್ರೆಯಲ್ಲಿ ಮುಳುಗಿ ಎದ್ದು, ಒದ್ದೆ ಸೀರೆಯಲ್ಲೇ ಒಂದೊಂದಾಗಿ ನೀರಿಗೆ ಬಿಟ್ಟೆ. ಡಿಸ್ಕಿಗೆ ಮಾತ್ರ ಬೇರೆ ಮರ್ಯಾದೆ. ಕುಂಕುಮ ಹಚ್ಚಿ, ಚೆಂಡುಹೂ ಇಟ್ಟು, ಎರಡೂ ಕೈಯಲ್ಲಿ ಹಿಡಿದು ಬಿಟ್ಟೆ.

"ಅದೇನ್ರಿ ಅಕ್ಕಾರ, ಬುತ್ತಿ ಡಬ್ಬಿಯೇನ?" ಎಂದು ತಮ್ಮನ ಹೆಂಡತಿ ಕೇಳಿದಳು.

"ಕಂಪ್ಯೂಟರಿನ ಜೀವ. ನಮಗ ಅನ್ನ ಹಾಕೇತಿ. ಹಂಗ ಒಗೀಬಾರದು" ಅಂದೆ.

"ನಿಮ್ಮ ಭಕ್ತಿ ದೊಡ್ಡದ್ರಿ" ಅಂದಳು. ನನಗೆ ಹಿಗ್ಗಾಯಿತು. ಆ ಹಿಗ್ಗನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಫೋನು ಇಟ್ಟ ಸ್ವಲ್ಪ ಹೊತ್ತಿಗೆ ಯಜಮಾನರು ಮೋಟಾರ್ ಸೈಕಲ್ ತಂದರು. ಇಬ್ಬರೂ ಕೊರ್ಲಹಳ್ಳಿಗೆ ಹೋದೆವು. ಕ್ಯಾಮೆರಾದ ಕಾರ್ಡುಗಳಲ್ಲಾದರೂ ಉಳಿದಿರಬಹುದೇ ಎಂದು ಹಾದಿಯಲ್ಲಿ ಒಮ್ಮೆ ಕೇಳಿದೆ. ಮುಂದಿನ ಮದುವೆಗೆ ಅವನ್ನು ಅಳಿಸಿ ಆಗಿತ್ತು. ಬೇರೆ ಮದುವೆಗಳನ್ನೆಲ್ಲ ಆಯಾ ಮನೆಯವರಿಗೆ ಮುಟ್ಟಿಸಿ ಆಗಿತ್ತು, ಶಿವ ಅಷ್ಟರಮಟ್ಟಿಗೆ ಕಾಪಾಡಿದ್ದ. ಕೆಲಸ ಮುಗಿಯದೆ ಉಳಿದದ್ದು ಇದೊಂದೇ.

ಹೊಳೆಯ ದಂಡೆಯಲ್ಲಿ ಹರಿಗೋಲಿನವ ಒಬ್ಬನಿದ್ದ. ಏನು ಹುಡುಕಬೇಕು, ಬಂಗಾರವೇ ಎಂದು ಕೇಳಿದ.

"ಬಂಗಾರಲ್ಲೋ ಮಾರಾಯ, ಒಂದ ಮದುವಿ" ಅಂದರು ಇವರು.

"ಮದುವಿ ಹೊಳ್ಯಾಗ ಬಿತ್ತೇನ್ರಿ? ನಂದು ಮ್ಯಾಲೇ ಆಗೇತಿ, ಆದ್ರೂ ಇನ್ನೂ ಮುಳುಗಿದಂಗ ಐತಿ ನೋಡ್ರಿ."

ಬೇರೆ ಹೊತ್ತಾಗಿದ್ದರೆ ನಗುತ್ತಿದ್ದೆನೇನೋ. ಅವನು ನಾನು ತೋರಿಸಿದ ಜಾಗದಲ್ಲಿ ಗಳ ಹಾಕಿ ನೋಡಿದ, ಮುಳುಗಿಯೂ ನೋಡಿದ. ಕೈಗೆ ಬಂದದ್ದು ಯಾರೋ ಬಿಟ್ಟಿದ್ದ ಒಂದು ಪಟದ ಕಟ್ಟು ಮತ್ತು ರಾಡಿ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ಎಳೆದುಕೊಂಡು ಹೋಗಿರಬೇಕು ಅಂದ. ಯಜಮಾನರು ಮೆಟ್ಟಿಲ ಮೇಲೆ ಕೂತು ನೀರನ್ನೇ ನೋಡುತ್ತಿದ್ದರು. ನಾನು ಕ್ಷಮಿಸಿರಿ ಎನ್ನಲು ಬಾಯಿ ತೆರೆದೆ.

"ಮೊದಲ ಅಡರಕಟ್ಟಿಗೆ ಹೋಗಿ ಹೇಳೂನು" ಎಂದು ಎದ್ದರು. "ನೀ ಅಲ್ಲೇನೂ ಮಾತಾಡಬ್ಯಾಡ. ನಾ ನೋಡ್ಕೋತೀನಿ."

ಮರುದಿನ ಮುಂಜಾನೆ ಅಡರಕಟ್ಟಿಗೆ ಹೋದೆವು. ವಿಡಿಯೋ ತಂದಿದ್ದೇವೆ ಅಂದುಕೊಂಡು ಮದುಮಗಳ ಅವ್ವ ಬಾಗಿಲಲ್ಲೇ ನಕ್ಕು ಬರಮಾಡಿಕೊಂಡಳು. ನನ್ನನ್ನು ಒಳಗೆ ಅಜ್ಜಿಯ ಹತ್ತಿರ ಕೂಡಿಸಿ ಚಹಾಕ್ಕೆ ಇಟ್ಟಳು. ಅಜ್ಜಿಯ ಕೋಣೆಗೂ ಪಡಸಾಲೆಗೂ ನಡುವೆ ಒಂದು ಬಾಗಿಲು, ಅಷ್ಟೇ. ಹೊರಗಿನ ಮಾತೆಲ್ಲ ಕೇಳುತ್ತಿತ್ತು.

"ಮಷೀನಿಗೆ ಹೊರಗಿನ ಸಾಮಾನ ಹಾಕಿಸಿದ್ದೆರಿ. ಅದು ಕೈ ಕೊಡ್ತು. ನಿಮ್ಮ ಮದುವಿ ಹೋತು. ತಪ್ಪು ನಂದ ಐತಿ" ಅಂದರು ಇವರು.

ನಾನು ಬೆಚ್ಚಿಬಿದ್ದೆ. ಹೀಗೆ ಹೇಳುತ್ತಾರೆಂದು ಅಂದುಕೊಂಡಿರಲಿಲ್ಲ.

ಮದುಮಗಳ ಅಪ್ಪನ ದನಿ ಏರಿತು. "ಅಗ್ಗ ಸಿಕ್ಕತಂತ ಏನರ ತಂದ ಹಾಕೂದೇನ್ರಿ? ಗದಗಿನ ಸ್ಟುಡಿಯೋದವ್ರು ನಾವ ಬರ್ತೀವಿ ಅಂದ್ರ, ಬ್ಯಾಡ, ನಮ್ಮ ಲಕ್ಷ್ಮೇಶ್ವರದವ್ರ ಬರ್ಲಿ, ಅವರ ಕೆಲಸ ಚೊಕ್ಕ ಐತಿ ಅಂದವ ನಾನ. ಬೀಗರ ಮುಂದ ಈಗ ಏನ ಹೇಳ್ಲಿ? ನಾಳೆ ಯಾರರ ಕೇಳಿದ್ರ ನಿಮ್ಮ ಹೆಸರ ಹೆಂಗ ಹೇಳ್ಲಿ ನಾ?"

ಇವರು "ಹೌದ್ರಿ" ಅಂದರು. ಅವರು ಇನ್ನೇನೋ ಅಂದರು. ಅದಕ್ಕೂ ಇವರು "ಹೌದ್ರಿ" ಅಂದರು. ನನ್ನ ಗಂಡ ಚೊಕ್ಕ ಕೆಲಸದ ಮನುಷ್ಯ. ಒಂದು ಪಾಸ್‌ಪೋರ್ಟ್ ಫೋಟೊದಲ್ಲಿ ಕಾಲರು ಸೊಟ್ಟ ಇದ್ದರೆ ಮತ್ತೆ ತೆಗೆಯುವವರು. ಆ ಹೆಸರು ನನ್ನ ಎದುರಿಗೇ ನೆಲಕ್ಕೆ ಬೀಳುತ್ತಿತ್ತು. ಅದನ್ನು ಬೀಳಿಸಿದವಳು ಒಳಗೆ ಚಾಪೆಯ ಮೇಲೆ ಕೂತು ಚಹಾಕ್ಕೆ ಕಾಯುತ್ತಿದ್ದಳು. ಗದಗಿನ ಅಂಗಡಿಯವನ ಸಾಮಾನಿನದಂತೂ ಏನೂ ತಪ್ಪಿರಲಿಲ್ಲ.

"ಯಾಕ ತಂಗಿ, ಹಿಂಗ ಬೆವತೀದಿ?" ಅಂದರು ಅಜ್ಜಿ.

ಅವರ ಕಣ್ಣು ಚುರುಕು. ನಾನು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದೆ. ಜಗಲಿ, ಚೀಲ, ಹೊಳೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಅಜ್ಜಿ ದಿಂಬಿನಿಂದ ತಲೆ ಎತ್ತಿ ನನ್ನನ್ನು ನೋಡಿದರು. "ಕುಂಕುಮ ಹಚ್ಚಿದ್ಯೇನ?"

"ಹಚ್ಚಿದ್ದೆರಿ."

"ಹೂ?"

"ಚೆಂಡುಹೂರಿ."

ಅಜ್ಜಿಗೆ ನಗೆ ಬಂತು. ನಕ್ಕರೆ ಸೊಂಟ ನೋಯುತ್ತಿತ್ತು. "ಅಯ್ಯವ್ವಾ, ಅಯ್ಯವ್ವಾ" ಎನ್ನುತ್ತ ನಕ್ಕರು. ನನಗೆ ಒಂದಿಷ್ಟು ಹಗುರ ಆಯಿತು. ಆಗ ಅವರು ನಗೆ ನಿಲ್ಲಿಸಿ ನನ್ನ ಮೊಣಕೈ ಹಿಡಿದರು. "ನನ್ನ ಮುಂದ ಹೇಳಿದಿ, ಚಲೋ ಆತು. ಈಗ ಹೊರಗ ಹೋಗಿ ಹೇಳು. ನಿನ್ನ ಗಂಡ ಬೈಸ್ಕೊಳ್ಳಾಕ ಹತ್ಯಾನ, ಕೇಳ್ವಲ್ದೇನ?"

"ಗಂಡಸರ ಮುಂದ ಹೆಂಗ ಹೇಳ್ಲಿರಿ..."

"ಹೊಳಿಗೆ ಬಿಡುಮುಂದ ಕೇಳಿದ್ದ್ಯೇನ ಯಾರನ್ನರ? ಏಳು."

ಎದ್ದೆ. ಸೆರಗು ತಲೆಯ ಮೇಲೆ ಎಳೆದುಕೊಂಡು ಪಡಸಾಲೆಯ ಬಾಗಿಲಲ್ಲಿ ನಿಂತೆ. ಮದುಮಗಳ ಅಪ್ಪನ ಜೊತೆ ಪಕ್ಕದ ಮನೆಯ ಇಬ್ಬರು ಗಂಡಸರೂ ಬಂದು ಕೂತಿದ್ದರು. ಯಜಮಾನರು ನನ್ನನ್ನು ನೋಡಿ ಕಣ್ಣಿನಲ್ಲೇ ಬೇಡ ಅಂದರು.

"ಅಣ್ಣಾರ," ಅಂದೆ. "ಮಷೀನ ಚಲೋ ಐತ್ರಿ. ಹೊರಗಿನ ಸಾಮಾನೂ ಚಲೋ ಐತಿ. ಇವರು ನಿಮ್ಮ ಮದುವೀನ ಜ್ವಾಕಿಯಿಂದ ದೇವರ ಜಗಲಿ ಮ್ಯಾಲೆ ಇಟ್ಟಿದ್ರು. ನಾ ತಿಳೀದ ಅದನ್ನ ಒಯ್ದು ಹೊಳಿಗೆ ಬಿಟ್ಟೀನ್ರಿ."

ಪಕ್ಕದ ಮನೆಯವರಲ್ಲಿ ಒಬ್ಬ "ಎಲ್ಲಿಗೆ?" ಅಂದ.

"ಹೊಳಿಗ್ರಿ."

ಅವನು ಮೀಸೆಯ ಮೇಲೆ ಕೈ ಇಟ್ಟುಕೊಂಡ. ಚಹಾದ ತಾಟು ಹಿಡಿದು ಬಂದಿದ್ದ ಮದುಮಗಳ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ನೋಡಲಿಲ್ಲ. ಮದುಮಗಳ ಅಪ್ಪ ಎದ್ದು ಅಂಗಳಕ್ಕೆ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು. ತಿರುಗಿ ಬಂದಾಗ ಅವರ ಸಿಟ್ಟು ಇಳಿದಿತ್ತು, ಮುಖವೂ ಇಳಿದಿತ್ತು.

"ಅಕ್ಕಾರ, ನಿಮಗ ನಾ ಏನೂ ಅನ್ನೂದಿಲ್ಲ. ಆದ್ರ ನಮ್ಮವ್ವಗ ಏನ ತೋರಸ್ಲಿ?"

ಅದಕ್ಕೆ ಯಜಮಾನರೇ ಹೇಳಿದರು, ಮದುವೆಗೆ ಬಂದವರ ಮೊಬೈಲಿನಲ್ಲಿ ಇರುವುದನ್ನೆಲ್ಲ ಕಳಿಸಿಕೊಡಿರಿ, ನಾನು ಜೋಡಿಸಿಕೊಡುತ್ತೇನೆ ಎಂದು.

ಹಾಗೆ ಎಲ್ಲಾ ಕಡೆಯಿಂದ ತುಣುಕುಗಳು ಬರತೊಡಗಿದವು. ಅಡಿಗೆ ಮುಗಿಸಿ ನಾನೂ ಸ್ಟುಡಿಯೋಕ್ಕೆ ಹೋಗಿ ಇವರ ಹಿಂದೆ ಕೂತು ನೋಡುತ್ತಿದ್ದೆ. ಬೀಗರ ಕಡೆಯ ಹುಡುಗರ ಕುಣಿತ, ಊಟದ ಪಂಕ್ತಿ, ಯಾರದೋ ಕೂಸಿನ ಅಳು, ಒಬ್ಬರ ಬೆರಳು ಅರ್ಧ ಪರದೆಗೆ ಅಡ್ಡ. ಕಂಪ್ಯೂಟರು ಎಲ್ಲಿಯೂ ನಿಲ್ಲದೆ ಸರಸರ ಓಡಿತು. ಅದು ಓಡಿದಷ್ಟೂ ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಇಷ್ಟು ಚುರುಕಾದ ಯಂತ್ರದ ಹೊಟ್ಟೆಗೆ ಇಂಥ ಕೂಳು ಹಾಕುವಂತೆ ಮಾಡಿದ್ದೆ.

ಎಲ್ಲ ನೋಡಿ ಮುಗಿದ ಮೇಲೆ ಯಜಮಾನರು ಕುರ್ಚಿಗೆ ಒರಗಿದರು. "ಅಕ್ಕಿಕಾಳ ಹಾಕಿದ್ದ ಒಬ್ರ ಕಡೆನೂ ಇಲ್ಲ."

ಹೇಗೆ ಇರುತ್ತದೆ? ವಾಲಗ ಜೋರಾಗುತ್ತಲೇ ಎಲ್ಲರೂ ಮೊಬೈಲು ಕಿಸೆಗೆ ಹಾಕಿ, ಮುಷ್ಟಿಯಲ್ಲಿ ಅಕ್ಕಿ ಹಿಡಿದು ನಿಂತಿರುತ್ತಾರೆ. ಅಕ್ಕಿ ಹಾಕದೆ ನಿಂತವರು ಇವರೊಬ್ಬರೇ, ಕ್ಯಾಮೆರಾ ಹಿಡಿದವರು. ಯಾರೋ ಒಬ್ಬ ಹೆಣ್ಣುಮಗಳು ಮೊಬೈಲು ಆರಿಸುವುದನ್ನು ಮರೆತು ಎಡಗೈಯಲ್ಲಿ ಇಳಿಬಿಟ್ಟುಕೊಂಡಿದ್ದಳು. ಅದರಲ್ಲಿ ಕೆಂಪು ಜಮಖಾನೆ, ನೂರಾರು ಪಾದಗಳು, ಮೇಲಿನಿಂದ ಉದುರುವ ಅಕ್ಕಿ, ವಾಲಗದ ಸದ್ದು. ಇವರು ಅದನ್ನೇ ಆ ಜಾಗದಲ್ಲಿ ಕೂಡಿಸಿದರು.

ತೋರಿಸಲು ನಾವೇ ಅಡರಕಟ್ಟಿಗೆ ಹೋದೆವು. ಟೀವಿಯನ್ನು ಅಜ್ಜಿಯ ಕೋಣೆಗೆ ತಂದು, ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿದ್ದರು. ಅಜ್ಜಿ ಕುಣಿಯುವವರನ್ನು ಬೈದರು, ಪಂಕ್ತಿಯಲ್ಲಿ ಉಂಡವರನ್ನು ಗುರುತು ಹಿಡಿದು "ನೋಡ, ಹೋಳಿಗಿ ಎಷ್ಟ ಬಡದಾನ" ಎಂದು ಆಡಿಕೊಂಡರು. ಜಮಖಾನೆ ಬಂದಾಗ ಕಣ್ಣು ಕಿರಿದು ಮಾಡಿ ನೋಡಿದರು.

"ಇಲ್ಲೇನ?"

"ಹೌದ್ರಿ ಅಜ್ಜಿ, ಇಲ್ಲೇ" ಅಂದರು ಯಜಮಾನರು. ಅವರು ಮಾತು ಕಡಿಮೆ ಇರುವವರು. ಅವತ್ತು ತಾವಾಗಿಯೇ ಟೀವಿಯ ಪಕ್ಕಕ್ಕೆ ಹೋಗಿ ನಿಂತು ಹೇಳತೊಡಗಿದರು. "ಅಕ್ಕಿ ಬೀಳುಮುಂದ ನಿಮ್ಮ ಮೊಮ್ಮಗಳು ತಲಿ ಬಗ್ಗಿಸಿದ್ದಿಲ್ರಿ. ಬಾಗಲ ಕಡೆ ನೋಡಾಕ ಹತ್ತಿದ್ಲು. ಇತ್ತಾಗ ನೋಡವ್ವಾ ಅಂತ ಕೂಗಿದೆ ನಾ. ನೋಡ್ಲೇ ಇಲ್ಲ. ತಲಿತುಂಬ ಅಕ್ಕಿ, ಮೂಗಿನ ಮ್ಯಾಲೊಂದ ಕಾಳ ನಿಂತಿತ್ರಿ, ಅದನ್ನೂ ಒರಸ್ಕೊಳ್ಳಿಲ್ಲ. ಬಾಗಲಾನ ನೋಡಿದ್ಲು."

"ಬಾಗಲ ಕಡೆ?" ಅಂದರು ಅಜ್ಜಿ.

"ಹೌದ್ರಿ."

ಅಜ್ಜಿ ಕಣ್ಣು ಮುಚ್ಚಿಕೊಂಡರು. ತುಸು ಹೊತ್ತಾದ ಮೇಲೆ "ಅಷ್ಟ ಮತ್ತೊಮ್ಮೆ ಹಾಕ" ಅಂದರು. ಮತ್ತೆ ಅದೇ ಪಾದಗಳು, ಅದೇ ಅಕ್ಕಿ. ನಾನು ಗೋಡೆಯ ಕಡೆ ಮುಖ ಮಾಡಿದೆ. ಬಾಗಿಲು ನೋಡುತ್ತಿದ್ದ ಆ ಮುಖವನ್ನು ಹೊಳೆಗೆ ಕೊಟ್ಟವಳು ನಾನು. ಅಜ್ಜಿ ಒಂದು ಕಟುಮಾತೂ ಆಡಲಿಲ್ಲ. ಹೊರಡುವಾಗ ಕುಂಕುಮ ಕೊಡಿಸಿ, ಉಡಿಯಲ್ಲಿ ಎಲೆ ಅಡಿಕೆ ಹಾಕಿಸಿದರು.

ಇಂಥ ಮಾತು ಊರಲ್ಲಿ ನಿಲ್ಲುತ್ತದೆಯೇ? ಕಾಳಿನ ಪೇಟೆಯಲ್ಲಿ ಯಾರೋ "ಆ ಸ್ಟುಡಿಯೋದಾಂವ ಎಂಥಾದೋ ಮೆಮರಿ ಹಾಕಿಸಿ ಮದುವಿ ಕಳದನಂತಲ್ಲ" ಅಂದಾಗ, ಮದುಮಗಳ ಅಪ್ಪನೇ ಎದ್ದು ನಿಂತು, "ಅವರದೇನೂ ತಪ್ಪಿಲ್ಲ, ಕೆಲಸ ಚೊಕ್ಕ ಐತಿ. ಅವರ ಮನ್ಯಾಗ ದೇವರ ಭಕ್ತಿ ಒಂದೀಟ ಹೆಚ್ಚಾಗಿತ್ತು" ಅಂದರಂತೆ. ಪೇಟೆಯೆಲ್ಲ ನಕ್ಕಿತಂತೆ. ಇದನ್ನು ಹೇಳುವಾಗ ಯಜಮಾನರು ನನ್ನ ಮುಖ ನೋಡಲಿಲ್ಲ. ಆದರೆ ಈ ಕಾರ್ತಿಕದ ಆಚೆಗಿನ ಮದುವೆಗಳಿಗೆ ವಿಡಿಯೋ ತೆಗೆಯಲು ಹೇಳಿಕೆ ಬರುವುದು ನಿಂತಿಲ್ಲ.

ಈಗ ಸೋಮವಾರ ಸೋಮೇಶ್ವರನ ಗುಡಿಗೆ ಹೋದರೆ ಪ್ರದಕ್ಷಿಣೆ ಹಾಕುವ ಹೆಂಗಸರು ನನ್ನನ್ನು ನೋಡಿ ಬಾಯಿಗೆ ಸೆರಗು ಹಿಡಿಯುತ್ತಾರೆ. ಮೊನ್ನೆ ಒಬ್ಬಾಕೆ ಕೇಳಿಯೇಬಿಟ್ಟಳು. "ಏನವ್ವಾ, ಈ ಅಮಾಸಿಗೆ ಏನ ಬಿಡ್ತಿ? ಟೀವಿ ಬಿಡ್ತ್ಯೋ, ಫ್ರಿಜ್ ಬಿಡ್ತ್ಯೋ?" ಮುಖ ಉರಿಯಿತು. ತೀರ್ಥ ತೆಗೆದುಕೊಂಡು ಜಲ್ದಿ ಹೊರಬಿದ್ದೆ. ಹಾದಿಯಲ್ಲಿ ದೇವರಿಗೆ ಅಂದುಕೊಂಡೆ, ಯಜಮಾನರ ಹೆಸರಿಗೆ ಹತ್ತಿದ್ದ ಮಸಿಯನ್ನು ನನ್ನ ಮುಖಕ್ಕೆ ಒರೆಸಿದ್ದೀ, ಅದರ ಜಾಗ ಇದೇ, ಇರಲಿ ಬಿಡು ಎಂದು.

ಮನೆಗೆ ಬಂದಾಗ ಸಂಜೆಯಾಗಿತ್ತು. ಇವರು ಅಂಗಡಿ ಮುಚ್ಚಿ ಬರುವ ಹೊತ್ತು. ಕಾಲು ತೊಳೆದು ಒಳಗೆ ಹೋಗಿ, ರೊಟ್ಟಿಗೆಂದು ಎಸರಿನ ನೀರು ಒಲೆಯ ಮೇಲೆ ಇಟ್ಟು, ಜೋಳದ ಹಿಟ್ಟು ಜರಡಿ ಹಿಡಿಯಲು ಕೂತೆ.